ಸಹಾಯ ಬೇಕು: ಸಿಎಲ್‌ಎ ಕ್ಯಾಪ್ಸೂಲ್ ತಗೊಂಡು ಬೊಜ್ಜು ಇಳಿದವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನನ್ನೂರು ತೀರ್ಥಹಳ್ಳಿ ಕಡೆ, ಈಗ ಇರುವುದು ಶಿವಮೊಗ್ಗದಲ್ಲಿ. ವಯಸ್ಸು 38, ತೂಕ 94 ಕೆಜಿ. ಮಳೆ ಹಿಡಿದು ವಾಕಿಂಗ್ ನಿಂತಿತು, ಜಿಮ್ ಸೇರಿದೆ. ಅಲ್ಲಿ ಕಲಿಸುವವರು ದಿನಕ್ಕೆ 3 ಗ್ರಾಂ ಸಿಎಲ್‌ಎ ತಗೊಳ್ಳಿ, ಕೊಬ್ಬು ಕರಗಿ ಮಾಂಸಖಂಡ ಉಳಿಯುತ್ತದೆ ಅನ್ನುತ್ತಿದ್ದಾರೆ.

ಸುಮ್ನೆ ದುಡ್ಡು ಸುರಿಯುವ ಮೊದಲು ಸ್ವಲ್ಪ ಓದಿದೆ. ಸಿಎಲ್‌ಎ ಅಂದರೆ ಕಾಂಜುಗೇಟೆಡ್ ಲಿನೋಲಿಯಿಕ್ ಆಸಿಡ್, ಒಂದು ಬಗೆಯ ಕೊಬ್ಬಿನಾಮ್ಲ. ಹಸು, ಎಮ್ಮೆ ಹಾಲಿನಲ್ಲೇ ಚೂರು ಇರುತ್ತದೆ. ಕ್ಯಾಪ್ಸೂಲಿಗೆ ಹೆಚ್ಚಾಗಿ ಕುಸುಬೆ ಎಣ್ಣೆಯಿಂದ ಮಾಡುತ್ತಾರೆ. ಇಲಿಗಳ ಕೊಬ್ಬು ಚೆನ್ನಾಗಿ ಇಳಿದಿತ್ತಂತೆ. ಮನುಷ್ಯರಲ್ಲಿ ಇಳಿಕೆ ತೀರಾ ಕಡಿಮೆ. ಬೊಜ್ಜಿರುವ ಗಂಡಸರಲ್ಲಿ ಇದರ ಟ್ರಾನ್ಸ್-10, ಸಿಸ್-12 ಅನ್ನುವ ಬಗೆ ಇನ್ಸುಲಿನ್ ಕೆಲಸಕ್ಕೇ ಅಡ್ಡಿ ಮಾಡಿದ್ದೂ ಉಂಟು. ನಮ್ಮಪ್ಪನಿಗೆ ಸಕ್ಕರೆ ಕಾಯಿಲೆ ಇದೆ. ಹೆದರಿಕೆ ಆಗಲ್ವಾ?

ಅಮ್ಮ ಮಾತ್ರ, "ಮೊದಲು ಕಡುಬಿಗೆ ತುಪ್ಪ ಸುರಿಯೋದು ಕಡಿಮೆ ಮಾಡು ಮಾರಾಯ" ಅಂತಾರೆ. ಅದೂ ನಿಜವೇ.

ತಗೊಂಡವರು ದಯವಿಟ್ಟು ಹೇಳಿ. ತೂಕ ಬಿಡಿ, ಸೊಂಟದ ಅಳತೆ ಇಳಿಯಿತಾ? ಹೊಟ್ಟೆ ಕೆಟ್ಟಿತಾ? ಶುಗರ್ ಜಾಸ್ತಿ ಆಯ್ತಾ? ದಿನಾ ಓಡುವವರಿಗೂ ನನ್ನಂಥ ದಪ್ಪನೆಯವರಿಗೂ ಅನುಭವ ಬೇರೆ ಇರಬಹುದು, ಆದ್ದರಿಂದ ನೀವು ಯಾವ ಪೈಕಿ ಅಂತಲೂ ಬರೆಯಿರಿ. ಶಿವಮೊಗ್ಗದಲ್ಲಿ ಮೈಯ ಕೊಬ್ಬು ಎಷ್ಟಿದೆ ಅಂತ ಅಳೆದು ಹೇಳುವ ಜಾಗ ಗೊತ್ತಿದ್ದರೆ ಅದನ್ನೂ ತಿಳಿಸಿ. ಡಾಕ್ಟರ್ ಹತ್ತಿರ ಸೋಮವಾರ ಹೋಗುತ್ತಿದ್ದೇನೆ, ಅಲ್ಲಿವರೆಗೆ ಕ್ಯಾಪ್ಸೂಲ್ ಕೊಳ್ಳಲ್ಲ.