ಸಹಾಯ ಬೇಕು: ಬಾವಿ ನೀರು ಉಪ್ಪಾಗಿದೆ, ಈರುಳ್ಳಿ ಉಳಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಕುಮಟಾ ಕಡೆ, ಅಘನಾಶಿನಿ ಹೊಳೆಯ ಹತ್ತಿರ ನಮ್ಮ ಗದ್ದೆ. ಮಳೆಗಾಲಕ್ಕೆ ಭತ್ತ, ಆಮೇಲೆ ಬಾವಿ ನೀರಲ್ಲಿ ಸಿಹಿ ಈರುಳ್ಳಿ. ಬೇಸಿಗೆ ಬಂತೆಂದರೆ ನೀರು ಉಪ್ಪು. ಪಂಪು ಜಾಸ್ತಿ ಹೊತ್ತು ಓಡಿದ ದಿನವಂತೂ ಬಾಯಿಗೆ ಹಾಕುವಂತಿಲ್ಲ. ಸಾಲಿನ ಏರಿ ಮೇಲೆ ಬಿಳಿ ಪುಡಿ ಕೂತಿದೆ, ಎಲೆಗಳು ತುದಿಯಿಂದ ಒಣಗುತ್ತಿವೆ.

ಮಣ್ಣಿನ ಇಸಿ (ಉಪ್ಪಿನಂಶ ತಿಳಿಸುವ ವಿದ್ಯುತ್ ವಾಹಕತೆ, dS/m ಲೆಕ್ಕದಲ್ಲಿ) 4 ದಾಟಿದರೆ ಉಪ್ಪು ಮಣ್ಣು ಅಂತಾರೆ, ಆದರೆ ಈರುಳ್ಳಿ 1.2 ದಾಟಿದರೇ ಸೊರಗಲು ಶುರು. ಅದಕ್ಕೇ ಹೆದರಿಕೆ.

ಕೆಲವರು ಸುಮ್ನೆ ಜಿಪ್ಸಂ ಹಾಕಿ ಅನ್ನುತ್ತಾರೆ. ಅದು ಸೋಡಿಯಂ ಹಿಡಿದ ಮಣ್ಣಿಗೆ ತಾನೆ? ಬರೀ ಉಪ್ಪಾದರೆ ಸಿಹಿ ನೀರಿನಿಂದ ತೊಳೆದೇ ಹೋಗಬೇಕಲ್ವಾ?

ನೀರು, ಮಣ್ಣು ಎರಡನ್ನೂ ಪರೀಕ್ಷೆ ಮಾಡಿಸಿದವರು ಇದ್ದೀರಾ? ಮಾದರಿ ಎಷ್ಟು ಆಳದಿಂದ ತೆಗೆದಿರಿ? ಗಜನಿಗೆ (ಹೊಳೆಯ ಉಪ್ಪು ನೀರು ನುಗ್ಗುವ ತಗ್ಗು ಗದ್ದೆಗೆ) ಹಾಕುವ, ಉಪ್ಪು ತಡೆಯುವ ಕಗ್ಗ ಭತ್ತದ ಬೀಜ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ತಿಳಿಸಿ, ತಗ್ಗಿನ ಗದ್ದೆಗೆ ಬೇಕಿತ್ತು.