ಗ್ಲೈಡ್ ಚೆನ್ನಾಗಿದೆ, ರಬ್ಬರ್ ಜಾಸ್ತಿ ಸುತ್ತಿದರೆ ಮೂಗೆತ್ತಿ ಎಡಕ್ಕೆ ಬೀಳುತ್ತದೆ (ಪುಷ್ಪಕ್, 18 ಇಂಚು)

ಮೈಸೂರು_ಬಾಲ್ಸಾ:
ಎಲ್ಲರಿಗೂ ನಮಸ್ಕಾರ. ಎಚ್‌ಎಎಲ್‌ನ ಹಳೇ ಪುಷ್ಪಕ್ ವಿಮಾನದ ರಬ್ಬರ್ ಮಾಡೆಲ್ ಕಟ್ಟಿದ್ದೇನೆ, ಸುತ್ತಿದ ರಬ್ಬರ್ ಬಿಚ್ಚಿಕೊಳ್ಳುತ್ತಾ ಪ್ರೊಪೆಲರ್ ತಿರುಗಿಸುವಂಥದ್ದು. ರೆಕ್ಕೆ ತುದಿಯಿಂದ ತುದಿಗೆ 18 ಇಂಚು. ಬಾಲ್ಸಾ (ಹಗುರ ಮರ) ಕಡ್ಡಿಯ ಮೈ, ಮೇಲೆ ಟಿಶ್ಯೂ (ತೆಳು ಕಾಗದ), 6 ಇಂಚಿನ ಪ್ಲಾಸ್ಟಿಕ್ ಪ್ರೊಪೆಲರ್. ರಬ್ಬರ್ ಬಿಟ್ಟು ತೂಕ 21 ಗ್ರಾಂ.

ಕೈಯಿಂದ ಮೆಲ್ಲಗೆ ಬಿಟ್ಟರೆ ಚೆನ್ನಾಗಿ ತೇಲಿಕೊಂಡು ಹೋಗಿ ಹುಲ್ಲಿನ ಮೇಲೆ ಕೂರುತ್ತದೆ. ಸ್ವಲ್ಪ ಸುತ್ತಿ ಬಿಟ್ಟರೂ ತೊಂದರೆ ಇಲ್ಲ. ಜಾಸ್ತಿ ಸುತ್ತಿದಾಗ ಮಾತ್ರ ರಗಳೆ. ಬಿಟ್ಟ ಕೂಡಲೇ ಮೂಗು ಮೇಲೆತ್ತುತ್ತದೆ, ಒಂದು ಕ್ಷಣ ಗಾಳಿಯಲ್ಲಿ ನಿಂತ ಹಾಗಾಗುತ್ತದೆ, ಆಮೇಲೆ ಎಡರೆಕ್ಕೆ ಕೆಳಗೆ ಹಾಕಿ ಸುರುಳಿಯಾಗಿ ನೆಲಕ್ಕೆ. ಮೂಗಿಗೆ ಜೇಡಿಮಣ್ಣು ಅಂಟಿಸು ಅಂತ ಗೆಳೆಯರು ಹೇಳುತ್ತಿದ್ದಾರೆ. ಅಂಟಿಸಲೇ?

ಕುಡ್ಲ_ಗ್ಲೈಡರ್:
ಸ್ವಲ್ಪ ತಡೀರಿ ಮಾರಾಯ್ರೆ. ಸಿಜಿ, ಅಂದರೆ ತೂಕ ಸಮತೂಗುವ ಜಾಗ, ಎಲ್ಲಿದೆ? ರಬ್ಬರ್ ಹಾಕಿಯೇ ನೋಡಬೇಕು. ಎರಡೂ ರೆಕ್ಕೆಯ ಕೆಳಗೆ ಬೆರಳಿಟ್ಟು ಎತ್ತಿ, ಎಲ್ಲಿ ಸಮ ನಿಲ್ಲುತ್ತದೆ ಹೇಳಿ.

ಮೈಸೂರು_ಬಾಲ್ಸಾ:
ರೆಕ್ಕೆಯ ಮುಂದಿನ ಅಂಚಿನಿಂದ 21 ಮಿ.ಮೀ. ರೆಕ್ಕೆಯ ಅಗಲ 63.

ಜಕ್ಕೂರು_ಹಳಬ:
ಮೂರನೇ ಒಂದು ಭಾಗ. ಸರಿಯಾಗಿದೆ. ಮಣ್ಣು ಮುಟ್ಟಲೇಬೇಡಿ.

ಗ್ಲೈಡ್ ಚೆನ್ನಾಗಿದೆ ಅಂದಮೇಲೆ ಸಿಜಿ, ಬಾಲ ಎರಡೂ ಸರಿ ಇವೆ ಅಂತಲೇ ಅರ್ಥ. ಈಗ ಮೂಗಿಗೆ ತೂಕ ಹಾಕಿದರೆ ಏರುವಾಗ ಸ್ವಲ್ಪ ಹತೋಟಿಗೆ ಬರಬಹುದು, ಆದರೆ ರಬ್ಬರ್ ಮುಗಿದ ಮೇಲೆ ಮೂಗು ತಗ್ಗಿಸಿ ನೆಲಕ್ಕೆ ನುಗ್ಗುತ್ತದೆ. ಅದನ್ನು ಸರಿಮಾಡೋಕೆ ಬಾಲ ಬಗ್ಗಿಸುತ್ತೀರಿ, ಮತ್ತೆ ಏರುವಾಗ ಮೂಗೆತ್ತುತ್ತದೆ. ಇದಕ್ಕೆ ಕೊನೆ ಇಲ್ಲ. ಇಳಿಯುವಾಗ ತೊಂದರೆ ಇದ್ದರೆ ಸಿಜಿ, ಬಾಲ ನೋಡಿ. ಪವರ್ ಇರುವಾಗ ಮಾತ್ರ ತೊಂದರೆ ಇದ್ದರೆ ಥ್ರಸ್ಟ್‌ಲೈನ್, ಅಂದರೆ ಪ್ರೊಪೆಲರ್ ಎಳೆಯುವ ದಿಕ್ಕು, ನೋಡಿ.

ಸುತ್ತಿದ ರಬ್ಬರ್ ಬಲವನ್ನು ಒಂದೇ ಸಮ ಕೊಡುವುದಿಲ್ಲ. ಮೊದಲ ಕೆಲವು ಸೆಕೆಂಡು ಜೋರು, ಆಮೇಲೆ ಬಹಳ ಹೊತ್ತು ಮಂದ, ಕೊನೆಗೆ ಸುಸ್ತು. ಕಮ್ಮಿ ಸುತ್ತಿದಾಗ ಆ ಮೊದಲ ಜೋರು ಬರುವುದೇ ಇಲ್ಲ, ಅದಕ್ಕೇ ಸರಿಯಾಗಿ ಹಾರುತ್ತದೆ. ವೇಗ 1.4 ಪಟ್ಟು ಆದರೆ ಸಾಕು, ರೆಕ್ಕೆಯ ಎತ್ತುವ ಬಲ ಹೆಚ್ಚುಕಮ್ಮಿ 2 ಪಟ್ಟು ಆಗುತ್ತದೆ. ಮೂಗು ಏಳದೆ ಇನ್ನೇನು? ಪುಷ್ಪಕ್‌ನಲ್ಲಿ ರೆಕ್ಕೆ ಬೇರೆ ಮೈಯ ಮೇಲಿದೆ. ಪ್ರೊಪೆಲರ್ ಕೆಳಗಿನಿಂದ ಎಳೆಯುತ್ತದೆ, ರೆಕ್ಕೆ ಮೇಲಿನಿಂದ ಹಿಂದಕ್ಕೆ ತಡೆಯುತ್ತದೆ. ಅದೂ ಮೂಗೆತ್ತುವುದಕ್ಕೇ ಸಹಾಯ.

ಎಡಕ್ಕೆ ಯಾಕೆ ಅಂದರೆ, ಹಿಂದಿನಿಂದ ನೋಡಿದಾಗ ಪ್ರೊಪೆಲರ್ ಗಡಿಯಾರದ ದಿಕ್ಕಿಗೆ ತಿರುಗುತ್ತದೆ. ಅದರ ಎದುರು ಬಲಕ್ಕೆ ಮೈ ಎಡಕ್ಕೆ ವಾಲುತ್ತದೆ.

ಹೀಗೆ ಮಾಡಿ. ನೋಸ್ ಬ್ಲಾಕ್ (ಪ್ರೊಪೆಲರ್ ಕೂರಿಸಿದ ಮೂಗಿನ ತುಂಡು) ಕಳಚಿ. ಅದು ಮೈಗೆ ತಾಗುವ ಜಾಗದಲ್ಲಿ, ಮೇಲಂಚಿಗೆ 1 ಮಿ.ಮೀ. ಬಾಲ್ಸಾ ಚೂರು ಇಡಿ. ಬ್ಲಾಕಿನ ಎತ್ತರ 20 ಮಿ.ಮೀ. ಇದ್ದರೆ ಇಷ್ಟಕ್ಕೇ ಪ್ರೊಪೆಲರಿನ ಶಾಫ್ಟ್ ಸುಮಾರು 3 ಡಿಗ್ರಿ ಕೆಳಗೆ ನೋಡುತ್ತದೆ. ಇದೇ ಡೌನ್‌ಥ್ರಸ್ಟ್. ಅದು ಸರಿಹೋದ ಮೇಲೆ, ಪೈಲಟ್ ಕೂತ ಲೆಕ್ಕದಲ್ಲಿ ಎಡಬದಿಗೆ ವಿಸಿಟಿಂಗ್ ಕಾರ್ಡಿನ ಚೂರು ಒಂದೆರಡು ಇಡಿ, ಶಾಫ್ಟ್ ಬಲಕ್ಕೆ ನೋಡುತ್ತದೆ. ಎರಡನ್ನೂ ಒಟ್ಟಿಗೆ ಬದಲಾಯಿಸಬೇಡಿ, ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಅಂದಹಾಗೆ ಪುಷ್ಪಕ್ ಆರಿಸಿದ್ದಕ್ಕೆ ಖುಷಿಯಾಯಿತು. 1958ರ ಸೆಪ್ಟೆಂಬರ್‌ನಲ್ಲಿ ಮೊದಲು ಹಾರಿದ್ದು, ನಮ್ಮ ಬೆಂಗಳೂರಿನಲ್ಲೇ ತಯಾರಾದದ್ದು, ಎಚ್‌ಎಎಲ್ ವಿನ್ಯಾಸಕ ಘಾಟಗೆಯವರ ತಂಡದ್ದು. ಮಾಡೆಲ್ ಕಟ್ಟುವವರೆಲ್ಲರೂ ಅಮೆರಿಕದ ಪೈಪರ್ ಕಬ್ ವಿಮಾನದ ಹಿಂದೆ ಬೀಳುತ್ತಾರೆ.

ಕುಡ್ಲ_ಗ್ಲೈಡರ್:
ಹಳಬರು ಹೇಳಿದ್ದು ಸರಿ. ಆದರೆ ಸುರುಳಿಯಾಗಿ ಬೀಳುತ್ತದೆ ಅಂದರೆ ನನಗೆ ರೆಕ್ಕೆಯ ಮೇಲೂ ಸಂಶಯ. ಥ್ರಸ್ಟ್ ಮುಟ್ಟುವ ಮೊದಲು ಒಮ್ಮೆ ಇದನ್ನು ನೋಡಿ. ವಿಮಾನವನ್ನು ಕೈಯಳತೆ ದೂರದಲ್ಲಿ ಹಿಡಿದು, ಒಂದು ಕಣ್ಣು ಮುಚ್ಚಿ, ಹಿಂದಿನಿಂದ ನೋಡಿ. ಎರಡೂ ರೆಕ್ಕೆಯ ಮೇಲ್ಮೈ ಒಂದೇ ತರ ಕಾಣಬೇಕು. ಮತ್ತೆ ಡೈಹೆಡ್ರಲ್ (ರೆಕ್ಕೆಯ ತುದಿ ಮೇಲೆತ್ತಿರುವುದು) ಎಷ್ಟು ಕೊಟ್ಟಿದ್ದೀರಿ? ನಿಜವಾದ ವಿಮಾನದಲ್ಲಿ ಪೈಲಟ್ ಇರುತ್ತಾನೆ, ವಾಲಿದರೆ ಸರಿ ಮಾಡುತ್ತಾನೆ. ನಮ್ಮದರಲ್ಲಿ ಯಾರೂ ಇಲ್ಲ. ರೆಕ್ಕೆಯ ತುದಿ ಅಸಲಿ ಲೆಕ್ಕಕ್ಕಿಂತ ಜಾಸ್ತಿ ಎತ್ತಿರಬೇಕು.

ಮೈಸೂರು_ಬಾಲ್ಸಾ:
ಡೈಹೆಡ್ರಲ್ ಒಂದೊಂದು ತುದಿಗೆ 1 ಇಂಚು ಕೊಟ್ಟಿದ್ದೇನೆ ಸರ್. ಆದರೆ ರೆಕ್ಕೆ ನೋಡಿದೆ, ನಿಮ್ಮ ಸಂಶಯ ನಿಜ. ಎಡರೆಕ್ಕೆಯ ತುದಿಯಲ್ಲಿ ಹಿಂದಿನ ಅಂಚು 3 ಮಿ.ಮೀ. ಮೇಲೆದ್ದಿದೆ. ಬಲರೆಕ್ಕೆ ನೆಟ್ಟಗಿದೆ. ಕಟ್ಟಿದಾಗ ಎರಡೂ ನೆಟ್ಟಗೇ ಇದ್ದವು!

ಕುಡ್ಲ_ಗ್ಲೈಡರ್:
ಮಳೆಗಾಲ ಅಲ್ವಾ. ನಮ್ಮೂರಲ್ಲಿ ಇದು ದಿನಾ ಇದ್ದದ್ದೇ. ತೇವಕ್ಕೆ ಟಿಶ್ಯೂ ಸಡಿಲವಾಗುತ್ತದೆ, ಬಿಸಿಲಿಗೆ ಬಿಗಿಯುತ್ತದೆ. ಮೇಲೆ ಕೆಳಗೆ ಒಂದೇ ಸಮ ಬಿಗಿಯದಿದ್ದರೆ ರೆಕ್ಕೆ ತಿರುಚಿಕೊಳ್ಳುತ್ತದೆ. ಹಿಂದಿನ ಅಂಚು ಮೇಲೆದ್ದ ಕಡೆ ಎತ್ತುವ ಬಲ ಕಮ್ಮಿ, ಆ ರೆಕ್ಕೆ ಬೀಳುತ್ತದೆ.

ಕೆಟಲ್‌ನಲ್ಲಿ ನೀರು ಕುದಿಸಿ. ಹಬೆಯ ಮೇಲೆ ರೆಕ್ಕೆ ಹಿಡಿದು, ಟಿಶ್ಯೂ ಮೆತ್ತಗಾದ ಕೂಡಲೇ ಎದುರು ದಿಕ್ಕಿಗೆ ತಿರುಚಿ. ಸ್ವಲ್ಪ ಜಾಸ್ತಿಯೇ ತಿರುಚಿ, ಬಿಟ್ಟಾಗ ಒಂದಿಷ್ಟು ವಾಪಸ್ ಬರುತ್ತದೆ. ಪೂರ್ತಿ ಆರುವವರೆಗೆ ಕೈ ಬಿಡಬೇಡಿ. ಎಡತುದಿಯ ಹಿಂದಿನ ಅಂಚು ಬಲಕ್ಕಿಂತ 1–2 ಮಿ.ಮೀ. ಕೆಳಗಿದ್ದರೂ ಒಳ್ಳೆಯದೇ, ಪ್ರೊಪೆಲರ್ ಎಡಕ್ಕೆ ವಾಲಿಸುವುದನ್ನು ಅದು ತಡೆಯುತ್ತದೆ. ಡೋಪ್ (ಟಿಶ್ಯೂಗೆ ಹಚ್ಚುವ ವಾರ್ನಿಷ್ ತರದ್ದು) ಏನು ಹಚ್ಚಿದ್ದೀರಿ?

ಮೈಸೂರು_ಬಾಲ್ಸಾ:
ಡೋಪ್ ಸಿಗಲಿಲ್ಲ. ಬರೀ ನೀರು ಚಿಮುಕಿಸಿ ಬಿಗಿ ಮಾಡಿದ್ದೆ.

ಜಕ್ಕೂರು_ಹಳಬ:
ಅದಕ್ಕೇ ಹೀಗಾಗಿದೆ. ಪೇಂಟ್ ಅಂಗಡಿಯಲ್ಲಿ ಮರದ ಸಾಮಾನಿಗೆ ಹಚ್ಚುವ ಎನ್‌ಸಿ ಕ್ಲಿಯರ್ ಲ್ಯಾಕರ್ ಸಿಗುತ್ತದೆ. ಅದಕ್ಕೆ ಅದರದ್ದೇ ಥಿನ್ನರ್ ಸಮಸಮ ಬೆರೆಸಿ. ನಾಲ್ಕು ಹನಿ ಹರಳೆಣ್ಣೆ ಹಾಕಿದರೆ ಒಣಗಿದ ಮೇಲೂ ಮೆತ್ತಗಿರುತ್ತದೆ, ಜಾಸ್ತಿ ಎಳೆಯುವುದಿಲ್ಲ. ಮೇಲೆ ಕೆಳಗೆ ಎರಡೂ ಕಡೆ ಒಂದು ಕೈ ಹಚ್ಚಿ, ಹಲಗೆಯ ಮೇಲೆ ಸಣ್ಣ ಬಾಲ್ಸಾ ತುಂಡುಗಳನ್ನು ಆಸರೆ ಕೊಟ್ಟು ಪಿನ್ ಚುಚ್ಚಿ ರಾತ್ರಿಯಿಡೀ ಬಿಡಿ. ಕಿಟಕಿ ತೆಗೆದಿಡಿ, ವಾಸನೆ ತಲೆಗೆ ಏರುತ್ತದೆ. ಒಲೆ, ದೀಪ ಹತ್ತಿರ ಇರಲೇಬಾರದು.

ಮಳೆ ಬರುವ ದಿನ ಹಚ್ಚಬೇಡಿ. ಬೆಳ್ಳಗೆ ಮಂಜು ಹಿಡಿದ ಹಾಗಾಗುತ್ತದೆ.

ಮೈಸೂರು_ಬಾಲ್ಸಾ:
ಸರ್, ಇನ್ನೊಂದು ವಿಷಯ. ಟಿಶ್ಯೂ ಮುಗಿದಿದೆ. ಆಷಾಢ ಅಂತ ಅಂಗಡಿ ತುಂಬಾ ಗಾಳಿಪಟದ ಕಾಗದ. ಅದು ಆಗುತ್ತದಾ?

ಜಕ್ಕೂರು_ಹಳಬ:
ಕೆಲವು ಆಗುತ್ತದೆ. ಹೊಳಪು ಜಾಸ್ತಿ ಇರುವುದು ನೀರಿಗೆ ಬಿಗಿಯುವುದಿಲ್ಲ, ತೂಕವೂ ಜಾಸ್ತಿ. ಸುಮ್ನೆ ಒಂದು ಬಾಲ್ಸಾ ಚೌಕಟ್ಟು ಮಾಡಿ ತುಂಡು ಅಂಟಿಸಿ ನೀರು ಚಿಮುಕಿಸಿ. ಒಣಗಿದ ಮೇಲೆ ಬೆರಳಲ್ಲಿ ತಟ್ಟಿದರೆ ಗೊತ್ತಾಗುತ್ತದೆ. ತೇಪೆಗಂತೂ ಧಾರಾಳವಾಗಿ ಬಳಸಿ.

ಮೈಸೂರು_ಬಾಲ್ಸಾ:
ಹಬೆ, ಲ್ಯಾಕರ್ ಎಲ್ಲಾ ಆಯಿತು. ರೆಕ್ಕೆ ನೆಟ್ಟಗಿದೆ. ಮೇಲೆ 1 ಮಿ.ಮೀ. ಚೂರು, ಎಡಕ್ಕೆ ಕಾರ್ಡಿನ ಎರಡು ಪದರ. ಬೆಳಿಗ್ಗೆ ಗಾಳಿ ಏಳುವ ಮೊದಲು ಮೈದಾನಕ್ಕೆ ಹೋಗಿದ್ದೆ. ಈಗ ಎಡಕ್ಕೆ ಅಗಲವಾಗಿ ಸುತ್ತು ಹಾಕುತ್ತಾ ತೆಂಗಿನಮರದ ಎತ್ತರಕ್ಕೆ ಏರುತ್ತದೆ! ಆದರೆ ಇನ್ನೂ ಜಾಸ್ತಿ ಸುತ್ತಲು ಹೋದಾಗ ರಬ್ಬರ್ ಒಳಗೇ ತುಂಡಾಗಿ ಪಕ್ಕದ ಟಿಶ್ಯೂ ಹರಿಯಿತು. ಎಷ್ಟು ಸುತ್ತು ಹಾಕಬಹುದು ಅಂತ ಹೇಗೆ ತಿಳಿಯುವುದು?

ಜಕ್ಕೂರು_ಹಳಬ:
ಅದೇ ರಬ್ಬರಿನ ಇನ್ನೊಂದು ಲೂಪ್ ಮಾಡಿ, ವಿಮಾನದ ಹೊರಗೆ ಮೊಳೆಗೆ ಸಿಕ್ಕಿಸಿ, ಹರಿಯುವವರೆಗೆ ಎಣಿಸುತ್ತಾ ಸುತ್ತಿ. ಆ ಸಂಖ್ಯೆಯ ಶೇಕಡಾ 80ರ ಒಳಗೆ ನಿಲ್ಲಿಸಿದರೆ ಭಯ ಇಲ್ಲ. ಸುತ್ತುವಾಗ ಸುಮ್ಮನೆ ನಿಂತು ಸುತ್ತಬೇಡಿ. ಒಬ್ಬರು ವಿಮಾನವನ್ನು ಬಾಲದ ಕಡೆ ಹಿಡಿಯಲಿ, ನೀವು ಪ್ರೊಪೆಲರ್ ಕಡೆಯಿಂದ ರಬ್ಬರನ್ನು ನಾಲ್ಕು ಪಟ್ಟು ಉದ್ದಕ್ಕೆ ಎಳೆಯಿರಿ. ಅರ್ಧದಷ್ಟು ಅಲ್ಲೇ ಸುತ್ತಿ, ಉಳಿದರ್ಧ ಮೆಲ್ಲಗೆ ಹತ್ತಿರ ಬರುತ್ತಾ ಸುತ್ತಿ. ರಬ್ಬರಿಗೆ ಜಾರಿಕೆ ಬೇಕೇಬೇಕು. ಟ್ರೆಡ್‌ಮಿಲ್ ಬೆಲ್ಟಿಗೆ ಹಾಕುವ ಸಿಲಿಕೋನ್ ಎಣ್ಣೆ ಸಾಕು. ಹೊಲಿಗೆ ಯಂತ್ರದ ಎಣ್ಣೆ ಬೇಡ, ರಬ್ಬರನ್ನು ತಿಂದುಹಾಕುತ್ತದೆ.

ಸರಿಹೋದ ಚೂರುಗಳನ್ನು ನೋಸ್ ಬ್ಲಾಕಿಗೆ ಅಂಟಿಸಿಬಿಡಿ, ಹುಲ್ಲಲ್ಲಿ ಬಿದ್ದರೆ ಸಿಗುವುದಿಲ್ಲ. ತೆಂಗಿನಮರದಷ್ಟು ಏರುತ್ತದೆ ಅಂದರೆ ರೆಕ್ಕೆಯ ಕೆಳಗೆ ನಿಮ್ಮ ಫೋನ್ ನಂಬರನ್ನೂ ಬರೆಯಿರಿ.

ಕುಡ್ಲ_ಗ್ಲೈಡರ್:
ಪೆನ್ಸಿಲ್‌ನಲ್ಲಿ ಬೇಡ ಮಾರಾಯ್ರೆ, ಟಿಶ್ಯೂ ತೂತಾಗುತ್ತದೆ. ಕಾಗದದ ಮೇಲೆ ಬರೆದು ಅಂಟಿಸಿ.