ಇಬ್ಬರೇ ಹೋಗೋ ದಿನ: ಸೂರ್ಯಕಾಂತಿ, ಸೇವಂತಿಗಿ ಹೊಲ ನೋಡಿ ಆಮ್ಯಾಲೆ ಸಿಹಿ. ಹೆಂಗ ಹೊಂದಿಸೋದು?

ಉಣಕಲ್ ದಂಡಿ: ಹುಬ್ಬಳ್ಳಿಂದ ಬೈಕ್ ಮ್ಯಾಲೆ ನಾನು, ನಮ್ಮ ಮನಿಯವರು ಒಂದು ರವಿವಾರ ಹೂವು ನೋಡಾಕ ಹೊಂಟೇವಿ. ಪಾರ್ಕ್ ಬ್ಯಾಡ, ಗದಗ ರೋಡಿನ ಕಡೆ ಹೊಲದಾಗಿನ ಹೂವೇ ಬೇಕು. ಯಾವ ತಿಂಗಳು, ಎಷ್ಟೊತ್ತಿಗೆ ಹೋಗಬೇಕು? ವಾಪಸ್ ಬರೂವಾಗ ಇಬ್ಬರೂ ಹಂಚಿಕೊಂಡು ತಿನ್ನೋ ಸಿಹಿ ಯಾವುದು ಛಲೋ?

ಎರಿಹೊಲ: ಸೂರ್ಯಕಾಂತಿ ಬೇಕಂದ್ರ ಬಿತ್ತಿದ ದಿನ ಲೆಕ್ಕ ಹಾಕ್ರಿ. ಬಿತ್ತಿ ಸುಮಾರು 55–60 ದಿನಕ್ಕ ಹೂವು. ಮುಂಗಾರಿ ಬಿತ್ತಿದ್ದು ಆಗಸ್ಟ್–ಸೆಪ್ಟೆಂಬರ್‌ಗೆ, ಹಿಂಗಾರಿಯದ್ದು ನವೆಂಬರ್–ಡಿಸೆಂಬರ್‌ಗೆ ಅರಳತೈತಿ. ಒಂದು ಹೊಲ ಪೂರಾ ಹಳದಿ ಇರೋದು ವಾರ, ಹತ್ತು ದಿನ ಅಷ್ಟ. ಕಾಳು ತುಂಬಿದ್ಮ್ಯಾಲೆ ತೆನಿ ಕೆಳಗ ಬಾಗತೈತಿ, ಆಮ್ಯಾಲೆ ಹೋದ್ರ ಬರೀ ಬೆನ್ನು ನೋಡಿ ಬರಬೇಕು.

ಬಹಳ ಮಂದಿ ಇಲ್ಲೇ ಎಡವ್ತಾರ. ಎಳೆ ಗಿಡ ಸೂರ್ಯನ ಹಿಂದ ತಿರುಗತೈತಿ, ಪೂರ್ತಿ ಅರಳಿದ ಹೂವು ತಿರುಗೋದಿಲ್ಲ, ಮೂಡಲಕ್ಕ ಮುಖ ಮಾಡಿ ನಿಲ್ಲತೈತಿ. ಹುಬ್ಬಳ್ಳಿಂದ ಅಣ್ಣಿಗೇರಿ, ಗದಗ ಕಡೆ ಅಂದ್ರ ನೀವು ಮೂಡಲಕ್ಕೇ ಹೊಂಟಿರ್ತೀರಿ, ಹೂವಿನ ಬೆನ್ನೇ ಕಾಣತೈತಿ. "ಏನೂ ಇಲ್ಲ" ಅಂತ ಮುಂದ ಹೋಗಬ್ಯಾಡ್ರಿ. ಹೊಲ ದಾಟಿ, ಗಾಡಿ ನಿಲ್ಲಿಸಿ, ತಿರುಗಿ ನೋಡ್ರಿ. ಮುಂಜಾನೆ ಎಂಟರಿಂದ ಹತ್ತರೊಳಗ ಹೂವಿನ ಮೂಡಲ ಬದಿಗೆ ನಿಂತ್ರ ಬಿಸಿಲು ನಿಮ್ಮ ಬೆನ್ನಿಗೆ, ಹೂವಿನ ಮುಖಕ್ಕ ಬೆಳಕು. ಸಂಜಿಗೆ ಅದೇ ಜಾಗದಾಗ ಫೋಟೋ ಕರ್ರಗ ಬರತೈತಿ.

ಮಳಿ ಬಂದ ಮರುದಿನ ಎರಿ ಮಣ್ಣಾಗ ಇಳಿಬ್ಯಾಡ್ರಿ, ಚಪ್ಪಲಿಗೆ ಒಂದೊಂದು ಕೆಜಿ ಮಣ್ಣು ಅಂಟತೈತಿ. ಬದುವಿನ ಮ್ಯಾಲೇ ನಿಲ್ರಿ. ಜೇನು ಜಾಸ್ತಿ ಇರತಾವ, ಗಮಗಮ ಸೆಂಟ್ ಬ್ಯಾಡ.

ಸೇವಂತಿಗಿ ಬೆಳೆಗಾರ: ಸೇವಂತಿಗಿ ಲೆಕ್ಕ ಬ್ಯಾರೆ. ಹಗಲು ಸಣ್ಣದಾದಾಗ ಮೊಗ್ಗು ಬಿಡೋ ಗಿಡ ಇದು, ಅದಕ್ಕ ನವೆಂಬರಿಂದ ಜನವರಿ ತನಕ ಜೋರು. ತೊಂದರಿ ಕೊಯ್ಲಿಂದು. ಹೂವು ನಸುಕಿನ್ಯಾಗೇ ಬಿಡಿಸಿ ಮಾರ್ಕೆಟ್‌ಗೆ ಹೋಗಿರತೈತಿ. ಹಬ್ಬದ ದಿನ ಹೋದ್ರ ಹಸರು ಗಿಡ ಅಷ್ಟ ಕಾಣತೈತಿ. ಹಬ್ಬಕ್ಕ ಮೂರ್ನಾಲ್ಕು ದಿನ ಮೊದಲು ಹೋಗ್ರಿ, ರೈತರು ಅರಳಿದ್ದನ್ನ ಗಿಡದಾಗೇ ಬಿಟ್ಟಿರ್ತಾರ.

ಒಳಗ ಇಳಿಯೋಕ ಮುಂಚೆ ಎರಡು ಮಾತು ಕೇಳ್ರಿ: "ಯಜಮಾನ್ರ, ಒಳಗ ಬರಬಹುದೇನ್ರಿ? ಔಷಧ ಯಾವಾಗ ಹೊಡದೀರಿ?" ನಿನ್ನೆ ಮೊನ್ನೆ ಹೊಡದಿದ್ರ ಹೂವು ಮುಟ್ಟಬ್ಯಾಡ್ರಿ, ಮೂಗಿಗೂ ಹಿಡಿಬ್ಯಾಡ್ರಿ. ಸಾಲಿನ ನಡುವೆ ಹರಿದಿರೋ ಡ್ರಿಪ್ ಪೈಪ್ ತುಳಿದ್ರ ಜಾಯಿಂಟ್ ಬಿಚ್ಚಿ, ಆ ಸಾಲು ಪೂರಾ ಒಣಗತೈತಿ. ರೈತರಿಗೆ ಗೊತ್ತಾಗೋದು ಎರಡು ದಿನ ಬಿಟ್ಟು. ಪುಕ್ಕಟೆ ಫೋಟೋಕ್ಕಿಂತ ಅರ್ಧ ಕೆಜಿ ಹೂವು ಕೊಂಡ್ರ ಇಬ್ಬರಿಗೂ ಸಮಾಧಾನ. ಪ್ಲಾಸ್ಟಿಕ್ ಚೀಲದಾಗ ಕಟ್ಟಿದ್ರ ಬೆವತು ಕರ್ರಗಾಗತಾವ, ಒದ್ದಿ ಬಟ್ಟಿಯಾಗ ಸಡಿಲ ಸುತ್ತಿ ತರ್ರಿ.

ಲೈನ್ ಬಜಾರ್: ಬಿಸಿಲೇರಿದ ಮ್ಯಾಲೆ ಅಣ್ಣಿಗೇರಿ ಅಮೃತೇಶ್ವರ ಗುಡಿಯ ನೆರಳಾಗ ಒಂದರ್ಧ ತಾಸು ಕೂತು, ಹುಬ್ಬಳ್ಳಿಗೆ ವಾಪಸ್ ಬರ್ರಿ. ಬೈಕ್ ಮನಿಯಾಗ ಬಿಟ್ಟು ಚಿಗರಿ ಬಸ್ಸಿಗೆ (ಹುಬ್ಬಳ್ಳಿ–ಧಾರವಾಡ ನಡುವೆ ಓಡೋ ಬಿಆರ್‌ಟಿಎಸ್ ಬಸ್) ಧಾರವಾಡಕ್ಕ ಹೋಗ್ರಿ. ಸಿಹಿ ಅಂದ್ರ ಪೇಢೆನ. ಖೋವಾ ಸಕ್ಕರಿ ಜೋಡಿ ಕಂದು ಬರೋ ತನಕ ಹುರದು, ಹೊರಗ ಸಕ್ಕರಿ ಹಚ್ಚಿದ್ದು. ಹುರದ ವಾಸನಿ ಬರಬೇಕು, ಬಾಯಾಗ ಸ್ವಲ್ಪ ಮರಳು ಮರಳಾಗಿ ಒಡಿಬೇಕು. ಹಲ್ಲಿಗೆ ಅಂಟಿದ್ರ ಸರಿಯಾಗಿ ಹುರದಿಲ್ಲ ಅಂತ ತಿಳೀರಿ. ಇಬ್ಬರಿಗೆ ಕಾಲು ಕೆಜಿ ಹೆಚ್ಚಾತು, ಉಳಿದದ್ದು ಮನಿಗೆ.

ಗಡ್‌ಬಡ್ ಐಸ್‌ಕ್ರೀಮೂ ಬೇಕಂದ್ರ ಒಂದ ಗ್ಲಾಸು, ಎರಡು ಉದ್ದ ಚಮಚ ಕೇಳ್ರಿ. ಆದ್ರ ಪೇಢೆ ಮೊದಲು. ನಾಲಿಗಿ ತಣ್ಣಗಾದ ಮ್ಯಾಲೆ ಸಿಹಿ ಅರ್ಧ ಗೊತ್ತಾಗೋದಿಲ್ಲ, ಪೇಢೆ ಹಿಟ್ಟು ತಿಂದಂಗ ಅನ್ನಿಸ್ತೈತಿ. ಗಡ್‌ಬಡ್‌ನಾಗ ಜೆಲ್ಲಿ, ಹಣ್ಣು ತಳದಾಗ ಕೂತಿರತಾವ. ಮ್ಯಾಲಿಂದ ತಿಂತಾ ಬಂದವರಿಗೆ ಬರೀ ಐಸ್‌ಕ್ರೀಮು, ನಿಧಾನಕ್ಕ ತಿಂದವರಿಗೆ ಹಣ್ಣೆಲ್ಲಾ. ಜಗಳ ಬ್ಯಾಡಂದ್ರ ಮೊದಲೇ ಚಮಚ ತಳಕ್ಕಿಳಿಸಿ ಒಮ್ಮೆ ಮ್ಯಾಲೆತ್ತಿ ಕಲಸ್ರಿ.

ಉಣಕಲ್ ದಂಡಿ: ಬೈಕ್ ಡಿಕ್ಕಿಯಾಗ ಪೇಢೆ ಇಟ್ರ ಕೆಡತಾವೇನ್ರಿ? ಬಸ್ ಬ್ಯಾಡ ಅಂತಾರ ನಮ್ಮ ಮನಿಯವರು.

ಲೈನ್ ಬಜಾರ್: ಒಂದು ತಾಸಿಗೆ ಕೆಡೋದಿಲ್ಲ. ಆದ್ರ ಸೀಟಿನ ಕೆಳಗಿನ ಝಳಕ್ಕ ತುಪ್ಪ ಬಿಟ್ಟು ಡಬ್ಬಿ ಎಣ್ಣಿಯಾಗತೈತಿ. ಹೆಗಲ ಚೀಲದಾಗ ಹಾಕ್ರಿ. ಮನಿಯಾಗ ಫ್ರಿಜ್ಜಿಗೆ ಇಡೋದಿದ್ರ ಬಿಗಿ ಡಬ್ಬಿಯಾಗ ಇಡ್ರಿ, ಇಲ್ಲಾಂದ್ರ ಹೊರಗಿನ ಸಕ್ಕರಿ ನೀರೊಡಿತೈತಿ.